ಬ್ರೌಸರಿನ ತೂತು ಮುಚ್ಚಲು ಹೊರಟ ಆಟಿ ತಿಂಗಳು

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಕಂಪ್ಯೂಟರಿನಿಂದ ಆಗುವ ಕಷ್ಟ ಕಡಿಮೆ. ಅದರ ಮುಂದೆ ಕುಳಿತವರಿಂದ ಆಗುವುದೇ ಜಾಸ್ತಿ. ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನಲ್ಲಿ ಯಾರ ಕಂಪ್ಯೂಟರ್ ಮುಷ್ಕರ ಹೂಡಿದರೂ ಸ್ಕೂಟರ್ ಹತ್ತಿ ಹೋಗುವವಳು ನಾನು. ನನ್ನ ಹೆಸರು ಕೇಳಿದರೆ ನಮ್ಮ ಬೀದಿಯವರಿಗೂ ಗೊತ್ತಿಲ್ಲ, ‘ಕಂಪ್ಯೂಟರ್ ಅಕ್ಕ’ ಎಂದರೆ ಅಂಗಡಿಯ ಬಾಗಿಲವರೆಗೆ ಕರೆತಂದು ಬಿಡುತ್ತಾರೆ. ಕಂಪ್ಯೂಟರಿನ ಮುಂದೆ ಕುಳಿತವರ ಅವಾಂತರ ನನಗೆ ದಿನಾ ಇದ್ದದ್ದೇ. ಆದರೆ ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಆದದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ.

ಆ ತಿಂಗಳ ಶುರುವಿನಲ್ಲೇ ಸುದ್ದಿ ಬಂತು. ನಾವೆಲ್ಲ ಇಂಟರ್‌ನೆಟ್ ನೋಡುವುದು ಬ್ರೌಸರಿನಲ್ಲಿ ತಾನೇ? ಅದರ ಹೊಟ್ಟೆಯಲ್ಲಿ ಜಾವಾಸ್ಕ್ರಿಪ್ಟ್ ಎಂಜಿನ್ ಎಂಬ ಒಂದು ಭಾಗ ಇದೆ. ವೆಬ್‌ಸೈಟಿನವರು ಬರೆದು ಕಳಿಸಿದ ಕೆಲಸಗಳನ್ನು ನಮ್ಮ ಕಂಪ್ಯೂಟರಿನಲ್ಲಿ ನಡೆಸಿಕೊಡುವುದು ಅದು. ಚಿತ್ರ ಜಾರುವುದು, ಬಟನ್ ಒತ್ತಿದರೆ ಏನಾದರೂ ತೆರೆಯುವುದು, ಎಲ್ಲ ಅದರ ಕೈಚಳಕ. ಆ ಎಂಜಿನ್ನಿನಲ್ಲೇ ಒಂದು ದೊಡ್ಡ ತೂತು ಸಿಕ್ಕಿತ್ತು. ಕಳ್ಳರು ಮಾಡಿಟ್ಟ ಒಂದು ಪುಟವನ್ನು ತೆರೆದರೆ ಸಾಕು, ಬೇರೇನೂ ಒತ್ತಬೇಕಿಲ್ಲ, ಅವರು ನೇರ ಒಳಗೆ ಬರಬಹುದು. ಕಂಪನಿಯವರು ಆಗಲೇ ಅದನ್ನು ಸರಿಮಾಡಿ ಅಪ್‌ಡೇಟ್ ಕಳಿಸಿದ್ದರು. ಅದು ತಾನಾಗಿಯೇ ಬಂದು ಕಾದು ಕುಳಿತಿರುತ್ತದೆ. ಬಳಸುವವರು ಮಾಡಬೇಕಾದ್ದು ಇಷ್ಟೇ: ಬ್ರೌಸರನ್ನು ಪೂರ್ತಿ ಮುಚ್ಚಿ ಮತ್ತೊಮ್ಮೆ ತೆರೆಯುವುದು. ಎರಡು ನಿಮಿಷದ ಕೆಲಸ.

ನಮ್ಮ ಕಡೆ ಯಾರೂ ಬ್ರೌಸರ್ ಮುಚ್ಚುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗ. ಫೋನಿನಲ್ಲಿ ಹೇಳಿದರೆ ಎಲ್ಲರೂ ‘ಆಯ್ತು ಅಕ್ಕ’ ಎನ್ನುತ್ತಾರೆ, ಮಾಡುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಇವರೆಲ್ಲ ನನ್ನ ಮಾತು ನಂಬಿ ಬ್ಯಾಂಕು, ವ್ಯಾಪಾರ, ಮನೆಯ ಫೋಟೋ ಎಲ್ಲವನ್ನೂ ಆ ಡಬ್ಬದೊಳಗೆ ಇಟ್ಟವರು. ಒಬ್ಬರದ್ದು ಹೋದರೂ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ತಲೆ ಎತ್ತಿ ನಡೆಯುವ ಹಾಗಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ರೈನ್‌ಕೋಟ್ ಹಾಕಿ ಒಬ್ಬೊಬ್ಬರ ಬಾಗಿಲಿಗೂ ಹೊರಟೆ.

೧. ಬಿಚ್ಚಿಟ್ಟ ಸೀರೆ

ಮೊದಲು ಹೋದದ್ದು ಪುತ್ತೂರು ಪೇಟೆಯ ಜವಳಿ ಅಂಗಡಿಗೆ. ಅಂಗಡಿಯ ಹಾಜಿಯವರು ಮೂರು ತಲೆಮಾರಿನ ಬ್ಯಾರಿ ವ್ಯಾಪಾರಸ್ಥರು. ಅವರ ತಮ್ಮಂದಿರು ಗಲ್ಫಿನಿಂದ ಹೊಸ ಡಿಸೈನಿನ ಲಿಂಕ್ ಕಳಿಸುತ್ತಾರೆ, ಇವರು ಒಂದೊಂದನ್ನೂ ಒಂದೊಂದು ಟ್ಯಾಬಿನಲ್ಲಿ ತೆರೆದಿಡುತ್ತಾರೆ. ಬ್ರೌಸರಿನ ಮೇಲಂಚಿನಲ್ಲಿ ಟ್ಯಾಬುಗಳು ಎಷ್ಟು ಇದ್ದವೆಂದರೆ ಅಕ್ಷರ ಹೋಗಲಿ, ಎರಡು ಟ್ಯಾಬಿನ ನಡುವೆ ಗೆರೆ ಕೂಡ ಕಾಣುತ್ತಿರಲಿಲ್ಲ.

ಎಲ್ಲ ಮುಚ್ಚಬೇಕು ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಜವಳಿ ವ್ಯಾಪಾರದ ಮೊದಲ ಪಾಠವೇ ಗಿರಾಕಿ ಎದುರು ಇರುವಾಗ ಬಿಚ್ಚಿದ ಸೀರೆಯನ್ನು ಮಡಚಬಾರದು ಎನ್ನುವುದಂತೆ. ಮಡಚಿದರೆ ‘ಇನ್ನು ಹೊರಡಿ’ ಎಂದ ಹಾಗೆ. ಅವರ ಅಜ್ಜ ಹಾಗೆ, ಅಪ್ಪ ಹಾಗೆ, ಈಗ ಕಂಪ್ಯೂಟರಿನಲ್ಲೂ ಇವರು ಹಾಗೆ. ಎದುರಿನ ಬೆಂಚಿನ ಮೇಲೆ ಆಟಿಯ ಕಟ್ಟುಪಾಡು ಇಲ್ಲದ ಒಂದು ಬ್ಯಾರಿ ಕುಟುಂಬ ಮದುವೆ ಜವಳಿಗೆ ಬಂದು ಕುಳಿತಿತ್ತು, ಹೆಂಗಸರ ಮುಂದೆ ಬಟ್ಟೆಯ ಗುಡ್ಡೆ. ಅದನ್ನು ತೋರಿಸಿ, ನಮ್ಮ ಹುಡುಗರು ಈಗ ಮಡಚುತ್ತಾರಾ ನೋಡಿ ಎಂದರು.

ಮುಚ್ಚಿದರೂ ಎಲ್ಲವೂ ಇದ್ದ ಹಾಗೆಯೇ ವಾಪಸು ಬರುತ್ತವೆ ಎಂದು ನಾನು ಆಣೆ ಮಾಡುವುದೊಂದು ಬಾಕಿ. ಕೊನೆಗೆ ಒಪ್ಪಿದರು. ಮುಚ್ಚಿದೆ, ತೆರೆದೆ, ಅಪ್‌ಡೇಟ್ ಆಯಿತು. ಟ್ಯಾಬುಗಳೆಲ್ಲ ಸಾಲಾಗಿ ಬಂದು ನಿಂತವು. ಆದರೆ ಹಾಜಿಯವರಿಗೆ ನಂಬಿಕೆ ಬರಬೇಡವೇ? ಮೌಸ್ ತೆಗೆದುಕೊಂಡು ಒಂದೊಂದನ್ನೂ ಒತ್ತಿ ನೋಡತೊಡಗಿದರು. ಒತ್ತಿದ್ದೆಲ್ಲ ಹಾಡತೊಡಗಿತು. ಸೂರತ್ತಿನವನೊಬ್ಬ ಹಿಂದಿಯಲ್ಲಿ ಬಟ್ಟೆಯ ಗುಣಗಾನ ಮಾಡಿದ. ದುಬೈಯ ಬುರ್ಖಾ ಡಿಸೈನಿನವಳು ಅರಬಿಯಲ್ಲಿ ಶುರುಮಾಡಿದಳು. ಹಳೆಯ ಫುಟ್‌ಬಾಲ್ ಪಂದ್ಯವೊಂದರ ಮಲಯಾಳಂ ಕಾಮೆಂಟ್ರಿ ಅದರ ಮೇಲೆ. ಇವೆಲ್ಲದರ ನಡುವೆ ಬ್ಯಾರಿ ಭಾಷೆಯಲ್ಲಿ ಒಬ್ಬರು ಮೀನು ಸಾರಿನ ಮಸಾಲೆ ಅರೆಯುವ ಕ್ರಮ ಹೇಳುತ್ತಿದ್ದರು. ಯಾವುದನ್ನು ನಿಲ್ಲಿಸಬೇಕೆಂದು ತಿಳಿಯದೆ ಹಾಜಿಯವರು ಇನ್ನೂ ನಾಲ್ಕು ಒತ್ತಿದರು.

ಮದುವೆ ಮನೆಯ ಹೆಂಗಸರು ಬಟ್ಟೆಯ ಗುಡ್ಡೆ ಬಿಟ್ಟು ಕಂಪ್ಯೂಟರಿನ ಸುತ್ತ ಬಂದು ನಿಂತರು. ಮದುಮಗಳ ಅಜ್ಜಿ, ಉಳಿದದ್ದೆಲ್ಲ ನಿಲ್ಲಿಸಿ ಆ ಮೀನಿನದ್ದು ಮಾತ್ರ ದೊಡ್ಡದು ಮಾಡಲು ಹೇಳಿದರು. ಕೊತ್ತಂಬರಿ ಹುರಿಯಬೇಕೋ ಬೇಡವೋ ಎಂದು ಅಲ್ಲೇ ಎರಡು ಪಕ್ಷ ಆಯಿತು. ಬೆಲೆ ಕೇಳುವವರಿಲ್ಲ, ಬಣ್ಣ ನೋಡುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನು ಮಾರ್ಕೆಟ್ ಮುಚ್ಚುತ್ತದೆಂದು ನೆನಪಾಗಿ ಕುಟುಂಬವೇ ಎದ್ದು ಹೊರಟಿತು, ಸೀರೆಗೆ ನಾಳೆ ಬರುತ್ತೇವೆ ಎಂದಿತು.

ಹಾಜಿಯವರು ಅದುವರೆಗೂ ಮಡಚದೆ ಇಟ್ಟ ಸೀರೆಗಳನ್ನು ನೋಡಿದರು, ನನ್ನನ್ನು ನೋಡಿದರು.

“ತೂತು ಮುಚ್ಚಿದ್ದು ಒಳ್ಳೇದೇ ಅಕ್ಕ,” ಎಂದರು. “ಆದರೆ ಆ ಕಳ್ಳ ಬಂದಿದ್ರೂ ನನ್ನ ವ್ಯಾಪಾರ ಇಷ್ಟು ಹಾಳಾಗ್ತಿರ್ಲಿಲ್ಲ.”

೨. ಕೇರಳದ ನೆಟ್ಟು

ಈಶ್ವರಮಂಗಲದಲ್ಲಿ ಎಣ್ಣೆ ಮಿಲ್ಲಿನ ಯಜಮಾನರೊಬ್ಬರಿದ್ದಾರೆ. ಅವರ ಮನೆಯ ಹಿಂದಿನ ತೋಡು, ಅಂದರೆ ಸಣ್ಣ ಹಳ್ಳ, ದಾಟಿ ಸ್ವಲ್ಪ ನಡೆದರೆ ಕೇರಳ. ಮೊಬೈಲಿಗೆ ಅಂಗಳದಲ್ಲಿ ಕರ್ನಾಟಕದ ಟವರ್ ಸಿಕ್ಕಿದರೆ ಮನೆಯೊಳಗಿನ ಚಾವಡಿಯಲ್ಲಿ ಕೇರಳದ್ದು ಸಿಗುತ್ತದೆ. ಈ ಸೌಕರ್ಯವನ್ನು ಅವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಇಲ್ಲಿ ಬಂದ್ ಇದ್ದರೆ ತಾವು ಆ ಕಡೆಯವರು, ಅಲ್ಲಿ ಹರತಾಳ ಇದ್ದರೆ ಈ ಕಡೆಯವರು.

ತೂತಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚಿ, ನಿಧಾನಕ್ಕೆ ಹೇಳಿದರು. “ಅದು ನಿಮಗೆ ಪುತ್ತೂರಿನವರಿಗೆ. ನಮ್ಮದು ಕೇರಳದ ನೆಟ್ಟು.”

ಕಂಪ್ಯೂಟರ್ ಇದ್ದದ್ದು ಚಾವಡಿಯಲ್ಲಿ, ಅದಕ್ಕೆ ಇಂಟರ್‌ನೆಟ್ ಬರುತ್ತಿದ್ದದ್ದು ಅವರ ಮೊಬೈಲಿನಿಂದ. ಆದ್ದರಿಂದ ಅದು ಕೇರಳಕ್ಕೆ ಸೇರಿದ್ದು, ಕರ್ನಾಟಕದಲ್ಲಿ ಕಂಡುಬಂದ ತೂತು ಅದಕ್ಕೆ ತಾಗುವುದಿಲ್ಲ. ತೂತು ಕರ್ನಾಟಕದಲ್ಲಿ ಕಂಡದ್ದಲ್ಲ, ಟವರಿಗೂ ಅದಕ್ಕೂ ಸಂಬಂಧ ಇಲ್ಲ, ಇಡೀ ಭೂಮಿಯ ಮೇಲೆ ಆ ಬ್ರೌಸರ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇದೆ ಎಂದು ಬಿಡಿಸಿ ಹೇಳಿದೆ. ಅವರು ಒಪ್ಪಿದ ಹಾಗೆ ಕಂಡಿತು. ಹಾಗಾದರೆ ಆ ಕಡೆಯವರು ಮೊದಲು ಅವರದ್ದು ಮುಚ್ಚಲಿ, ಆಮೇಲೆ ನಾವು ನೋಡುವ ಎಂದರು. ನೀರಿನ ವಿಷಯದಲ್ಲಿ ಎರಡು ಸರಕಾರಗಳು ಮಾತಾಡುವುದು ಹೀಗೆಯೇ ಇರಬೇಕು.

ನನಗೆ ರೇಗಿತು. ಸ್ಕೂಟರಿನ ಕೀ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಅವರ ತವರು ತೋಡಿನ ಆಚೆ, ಮಾತಿನಲ್ಲಿ ಈಗಲೂ ಮಲಯಾಳದ ರಾಗ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಎಂದು ಗಂಡನಿಗೆ ಒಮ್ಮೆ ಹೇಳಿ ನೋಡಿದರು. ಯಜಮಾನರು ಗಡಿ, ಚೆಕ್‌ಪೋಸ್ಟ್ ಎಂದು ಮತ್ತೆ ಶುರುಮಾಡಿದರು. ಹೆಂಡತಿ ಚಹಾದ ಲೋಟವನ್ನು ಅವರ ಮುಂದೆ ಇಟ್ಟರು.

“ಆಚೆಯಿಂದ ಈಚೆಗೆ ನಾನು ಬಂದದ್ದಲ್ವಾ? ನನ್ನನ್ನು ಯಾವ ಚೆಕ್‌ಪೋಸ್ಟಿನವರು ತಡೆದ್ರು?”

ಯಜಮಾನರು ಹೆಂಡತಿಯನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು. ಮದುವೆಯಾದಂದಿನಿಂದ ನಡೆದದ್ದೆಲ್ಲ ಕಣ್ಣ ಮುಂದೆ ಹಾದುಹೋಗಿರಬೇಕು.

“ಅಕ್ಕ,” ಎಂದರು, “ಬೇಗ ಮುಚ್ಚಿ.”

೩. ಹೊಸದು ಬೇಡ

ಆಟಿ ಎಂದರೆ ಆಷಾಢದ ಸುತ್ತಮುತ್ತ ಬರುವ ನಮ್ಮ ತುಳುವರ ತಿಂಗಳು. ಈ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಬಟ್ಟೆ ಕೂಡ ತೆಗೆಯುವುದಿಲ್ಲ. ಇದು ನನಗೂ ಗೊತ್ತು. ಆದರೆ ಬ್ರೌಸರಿಗೂ ಆಟಿ ಇದೆ ಎಂದು ಗೊತ್ತಾದದ್ದು ಕಡಬದಲ್ಲಿ.

ಅಲ್ಲೊಬ್ಬರು ಕಸಿ ಗಿಡಗಳ ನರ್ಸರಿ ಇಟ್ಟಿದ್ದಾರೆ. ಹಲಸು, ಕಾಳುಮೆಣಸು, ರಂಬುಟಾನ್, ಎಲ್ಲದಕ್ಕೂ ಕಂಪ್ಯೂಟರಿನಲ್ಲಿ ಆರ್ಡರ್ ಬರುತ್ತದೆ. ವಯಸ್ಸಾದರೂ ಯಂತ್ರದ ಹೆದರಿಕೆ ಇಲ್ಲದ ಮನುಷ್ಯ. ನಾನು ಹೋಗಿ ‘ಹೊಸ ವರ್ಷನ್ ಬಂದಿದೆ’ ಎಂದೆ. ಆ ‘ಹೊಸ’ ಎಂಬ ಒಂದು ಮಾತಿನಲ್ಲಿ ಕೆಲಸ ಕೆಟ್ಟಿತು. ಹೊಸದು ಆಟಿಯಲ್ಲಿ ಬೇಡ, ಸೋಣ ಬರಲಿ ಎಂದರು. ಸೋಣ ಎಂದರೆ ಮುಂದಿನ ತಿಂಗಳು. ಅಷ್ಟರಲ್ಲಿ ಕಳ್ಳ ಬಂದು ಹಲಸಿನ ಹಣ್ಣು ತಿಂದು ಹೋಗಿರುತ್ತಾನೆ ಎಂದೆ. ಕಳ್ಳನಿಗೂ ಆಟಿಯಲ್ಲಿ ಶುಭ ಆಗುವುದಿಲ್ಲ ಎಂದರು.

ಜಗಳ ಮಾಡಿ ಗೆಲ್ಲುವ ಜಾಗ ಅದಲ್ಲ. ಸ್ವಲ್ಪ ಯೋಚನೆ ಮಾಡಿ ದಾರಿ ಬದಲಿಸಿದೆ. ಇದು ಹೊಸತು ಅಲ್ಲವೇ ಅಲ್ಲ, ಮದ್ದು ಎಂದೆ. ಆಟಿ ಅಮಾವಾಸ್ಯೆಗೆ ಹಾಲೆಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುತ್ತೇವಲ್ಲ, ಕಹಿ ಎಂದು ಯಾರಾದರೂ ಬಿಡುತ್ತಾರಾ, ಒಮ್ಮೆ ಕುಡಿದರೆ ವರ್ಷಪೂರ್ತಿ ರೋಗ ಬರುವುದಿಲ್ಲ, ಇದು ಕಂಪ್ಯೂಟರಿನ ಕಷಾಯ ಎಂದೆ.

ಅವರ ಮುಖ ಅರಳಿತು. ಹೀಗೆ ಮೊದಲೇ ಹೇಳಬಾರದೇ ಎಂದು ನನಗೇ ಬೈದರು. ಮದ್ದು ಆದರೆ ಆಟಿಯಲ್ಲೇ ಆಗಬೇಕು, ಅಮಾವಾಸ್ಯೆ ನಾಡಿದ್ದು, ಆವತ್ತೇ ಮಾಡುವ. ನಾನು ಗೆದ್ದೆ ಎಂದುಕೊಂಡೆ. ಆದರೆ ಮದ್ದಿಗೆ ಕ್ರಮ ಇರುತ್ತದೆ. ಅವರು ಕ್ರಮ ಹೇಳತೊಡಗಿದರು. ಸೂರ್ಯ ಹುಟ್ಟುವ ಮೊದಲು ಆಗಬೇಕು. ಖಾಲಿ ಹೊಟ್ಟೆಯಲ್ಲಿ ಇರಬೇಕು. ಹೋಗುವಾಗ ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬಾರದು. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಕುಟ್ಟಿ ಕೆತ್ತೆ ತೆಗೆಯಬೇಕು. ನಾನು ಎಲ್ಲದಕ್ಕೂ ತಲೆ ಅಲ್ಲಾಡಿಸಿದೆ, ಕಲ್ಲಿನ ಬದಲು ಮೌಸ್ ಆಗುತ್ತದೆ ಎಂದೆ.

“ಮತ್ತೆ ಹೋಗುವವರು ಮೈ ಮೇಲೆ...” ಎಂದು ಶುರುಮಾಡಿದವರು ನನ್ನ ಮುಖ ನೋಡಿ ಅಲ್ಲೇ ನಿಲ್ಲಿಸಿದರು.

ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ವಿಷಯ. ಹಿಂದಿನ ಕಾಲದಲ್ಲಿ ಹಾಲೆ ಕೆತ್ತೆ ತರಲು ಹೋಗುವ ಗಂಡಸರು ಮೈಮೇಲೆ ಒಂದು ನೂಲೂ ಇಲ್ಲದೆ ಹೋಗಬೇಕಿತ್ತು. ನರ್ಸರಿಯ ಯಜಮಾನರು ಕೆಮ್ಮಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ನಾನು ನನ್ನ ಬ್ಯಾಗಿನ ಜಿಪ್ ಸರಿಯಾಗಿದೆಯೋ ಎಂದು ಬಹಳ ಹೊತ್ತು ಪರೀಕ್ಷೆ ಮಾಡಿದೆ.

ಕೊನೆಗೆ ಅಡುಗೆಮನೆಯಿಂದ ಅವರ ಹೆಂಡತಿ ಹೊರಗೆ ಬಂದರು. ಕಂಪ್ಯೂಟರಿಗೆ ಧೂಳು ಕೂರಬಾರದೆಂದು ತಾವೇ ಹೊಲಿದು ಹಾಕಿದ ಹೂವಿನ ಬಟ್ಟೆಯ ಕವರನ್ನು ಸರ್ರನೆ ಎಳೆದು ತೆಗೆದು, ಮಡಚಿ ಬಗಲಲ್ಲಿ ಇಟ್ಟುಕೊಂಡರು.

“ಆ ಕ್ರಮ ಆಯ್ತು,” ಎಂದರು. “ಇನ್ನು ಅಮಾವಾಸ್ಯೆಗೆ ಕಾಯುದು ಬೇಡ, ಶುರು ಮಾಡಿ.”

೪. ನೋಡುವವರನ್ನು ನೋಡುವವರು

ಸುಳ್ಯದ ಹೋಟೆಲ್ ಸಾಹುಕಾರರ ಬ್ರೌಸರಿನಲ್ಲಿ ಒಂದೇ ಒಂದು ಪುಟ, ಅವರ ಅಡುಗೆಮನೆಯ ಸಿಸಿ ಕ್ಯಾಮೆರಾ. ಬೆಳಿಗ್ಗೆ ಕ್ಯಾಶ್ ಕೌಂಟರಿನಲ್ಲಿ ಕುಳಿತರೆ ಮುಚ್ಚುವವರೆಗೆ ಅದನ್ನೇ ನೋಡುತ್ತಾರೆ. ಗೋಳಿಬಜೆ ಎಷ್ಟು ಎಣ್ಣೆ ಕುಡಿಯಿತು ಎಂದು ಕುಳಿತಲ್ಲಿಂದಲೇ ಹೇಳುತ್ತಾರೆ. ಎರಡು ನಿಮಿಷ ಮುಚ್ಚಬೇಕು ಎಂದಾಗ ಅವರಿಗೆ ಉಸಿರು ಕಟ್ಟಿದ ಹಾಗಾಯಿತು. ಆ ಎರಡು ನಿಮಿಷದಲ್ಲಿ ಒಳಗಿನವರು ಹೋಟೆಲನ್ನೇ ಮಾರಿಬಿಟ್ಟರೆ?

ನಾನು ಮುಚ್ಚಿದೆ. ಪರದೆ ಖಾಲಿಯಾದದ್ದೇ ತಡ, ಸಾಹುಕಾರರು ಕುರ್ಚಿಯಿಂದ ಎದ್ದು ಅಡುಗೆಮನೆಗೆ ನುಗ್ಗಿದರು. ಒಳಗಿನ ಕ್ಯಾಮೆರಾ ಹಾಕಿಸಿದ ಮೇಲೆ ಅವರು ಅತ್ತ ಕಾಲಿಟ್ಟದ್ದು ಅದೇ ಮೊದಲಂತೆ. ಬೆನ್ನಿಗೇ ಹೋಗಿ ಬಾಗಿಲಲ್ಲಿ ನಿಂತು ನೋಡಿದರೆ ಬಾಣಲೆ ಅದರ ಪಾಡಿಗೆ ಇದೆ, ಅಡುಗೆಭಟ್ಟರು ಅವರ ಪಾಡಿಗೆ ಮೊಬೈಲ್ ಹಿಡಿದು ನಿಂತಿದ್ದಾರೆ. ಮೊಬೈಲಿನಲ್ಲಿ ಕಾಣುತ್ತಿದ್ದದ್ದು ಕ್ಯಾಶ್ ಕೌಂಟರು. ಕೌಂಟರಿನ ಮೇಲಿನ ಕ್ಯಾಮೆರಾದ ಪುಟವನ್ನು ಅವರು ಯಾವಾಗಲೋ ತಮ್ಮ ಬ್ರೌಸರಿನಲ್ಲಿ ತೆರೆದಿಟ್ಟುಕೊಂಡಿದ್ದರು. ಪಾಸ್‌ವರ್ಡನ್ನು ಸಾಹುಕಾರರೇ ಮರೆಯಬಾರದೆಂದು ಗೋಡೆಗೆ ಅಂಟಿಸಿದ್ದರಲ್ಲ. ಸಾಹುಕಾರರು ಇವರನ್ನು ನೋಡುವಷ್ಟು ಹೊತ್ತೂ ಇವರು ಸಾಹುಕಾರರನ್ನು ನೋಡುತ್ತಿದ್ದರು. ಅವರು ಕುರ್ಚಿಯಲ್ಲಿ ತೂಕಡಿಸಿದರೆ ಒಳಗೆ ಚಹಾ, ಎದ್ದರೆ ಒಳಗೆ ಕೆಲಸ.

ದೊಡ್ಡ ರಂಪ ಆಗುತ್ತದೆಂದು ನಾನು ಹೆದರಿದೆ. ಸಾಹುಕಾರರು ಮಾತ್ರ ಮೊಬೈಲಿನಲ್ಲಿ ಖಾಲಿ ಕುರ್ಚಿಯನ್ನು ನೋಡಿ, ಕೌಂಟರಿನಲ್ಲಿ ಯಾರೂ ಇಲ್ಲ ಎಂದು ಹೆದರಿ ವಾಪಸು ಓಡಿದರು. ಭಟ್ಟರು ಮೆಲ್ಲಗೆ ಬಾಗಿಲಿಗೆ ಬಂದು ನನ್ನ ಮುಂದೆ ಮೊಬೈಲ್ ಹಿಡಿದರು.

“ಆ ತೂತು ಇದರಲ್ಲಿ ಸಹ ಉಂಟಾ ಅಕ್ಕ? ಮುಚ್ಚಿ ಕೊಡಿ. ಸಾಹುಕಾರರು ಬೇರೆಯವರಿಗೆಲ್ಲ ಕಾಣುದು ಬೇಡ.”

೫. ಮಾಸ್ಟ್ರ ಎಮ್ಮೆ

ಅಜ್ಜಾವರದ ಮಾಸ್ಟ್ರದ್ದು ಕೊನೆಗೆ ಉಳಿಯಿತು. ಕನ್ನಡ ಮಾಸ್ಟ್ರಾಗಿ ನಿವೃತ್ತರಾದವರು, ಮನೆಮಾತು ಸುಳ್ಯ, ಕೊಡಗಿನ ಕಡೆ ಆಡುವ ಅರೆಭಾಷೆ. ನಾನು ಫೋನ್ ಮಾಡಿದಾಗಲೆಲ್ಲ, ಬರುವುದು ಬೇಡ, ನನ್ನದಕ್ಕೆ ಏನೂ ಆಗಿಲ್ಲ ಎನ್ನುತ್ತಿದ್ದರು. ಬೇಡ ಎಂದವರ ಮನೆಗೆ ಹೋಗಲೇಬೇಕು ಎಂಬುದು ಈ ಕೆಲಸದಲ್ಲಿ ನಾನು ಕಲಿತ ವಿಷಯ. ಹೋದೆ.

ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಒಂದು ದೊಡ್ಡ ಬಿಂದಿ ಅಂಟಿಸಿತ್ತು. ಅವರ ಹೆಂಡತಿಯದ್ದು. ಏನೆಂದು ಕೇಳಿದೆ. ಅಪ್‌ಡೇಟ್ ಮಾಡದೆ ಬಹಳ ದಿನ ಬಿಟ್ಟರೆ ಬ್ರೌಸರಿನ ಮೂಲೆಯಲ್ಲಿ ಕೆಂಪು ಗುರುತು ಬರುತ್ತದೆ, ಮಾಸ್ಟ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಜೀವಮಾನವಿಡೀ ಬೇರೆಯವರು ಬರೆದದ್ದಕ್ಕೆ ಕೆಂಪು ಗುರುತು ಹಾಕಿದವರು ಅವರು. ತಾನು ಬರೆದದ್ದರ ತಲೆಯ ಮೇಲೆ ಯಾರೋ ದಿನಾ ಕೆಂಪು ಹಾಕುವುದನ್ನು ನೋಡಿಕೊಂಡು ಕೂರುವುದು ಹೇಗೆ ಎಂದು ಅದರ ಮೇಲೆ ಬಿಂದಿ ಹಚ್ಚಿಬಿಟ್ಟಿದ್ದರು.

ಬರೆದದ್ದು ಎಂದರೆ ಕಾದಂಬರಿ. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಹೋದವನೊಬ್ಬನ ಕಥೆ, ಅರೆಭಾಷೆಯಲ್ಲಿ. ನಿವೃತ್ತರಾದಂದಿನಿಂದ ದಿನಾ ಬೆಳಿಗ್ಗೆ ಕುಳಿತು ಬರೆಯುತ್ತಿದ್ದರು. ಎಲ್ಲಿ ಬರೆದದ್ದು ತೋರಿಸಿ ಎಂದೆ. ತೋರಿಸಿದರು.

ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ವೆಬ್‌ಸೈಟುಗಳಿವೆಯಲ್ಲ, ಅಂಥದ್ದೊಂದರ ಪುಟ. ನಾಲ್ಕು ಸಾಲು ಟೈಪ್ ಮಾಡಿ ಬೇರೆಡೆಗೆ ತೆಗೆದುಕೊಂಡು ಹೋಗಲೆಂದು ಅಲ್ಲಿ ಒಂದು ಚೌಕ ಕೊಟ್ಟಿರುತ್ತಾರೆ. ಮಾಸ್ಟ್ರು ಇಡೀ ಕಾದಂಬರಿಯನ್ನು ಆ ಚೌಕದಲ್ಲೇ ಬರೆದಿದ್ದರು. ಎಲ್ಲೂ ಸೇವ್ ಮಾಡಿಲ್ಲ. ರಾತ್ರಿ ಪರದೆ ಮಾತ್ರ ಆರಿಸುತ್ತಾರೆ, ಕಂಪ್ಯೂಟರ್ ಹಾಗೆಯೇ ಇರುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಅದರ ಬ್ಯಾಟರಿಗೆ ಮಾಸ್ಟ್ರು ನೀರು ಹಾಕುವ ಶ್ರದ್ಧೆಯನ್ನು ತುಳಸಿಗೆ ಕೂಡ ತೋರಿಸಿಲ್ಲವೆಂದು ಅವರ ಹೆಂಡತಿಯ ದೂರು. ಈ ಪುಟ ನಿಮ್ಮದಲ್ಲ ಮಾಸ್ಟ್ರೇ ಎಂದೆ. ಅವರು ಒಪ್ಪಲಿಲ್ಲ. ಉಳುವವನೇ ಒಡೆಯ ಅಲ್ಲವೇ, ದಿನಾ ಕೂತು ಬರೆಯುವವನು ನಾನು, ಬೇರೆ ಯಾರದ್ದು ಎಂದರು.

ಬ್ರೌಸರ್ ಮುಚ್ಚಿದರೆ ಕಾದಂಬರಿ ಹೋಗುತ್ತದೆ. ಮುಚ್ಚದಿದ್ದರೆ ತೂತು ಹಾಗೆಯೇ ಉಳಿಯುತ್ತದೆ. ಬರೆದದ್ದನ್ನು ಮೊದಲು ಬೇರೆ ಕಡೆ ಇಡೋಣ ಎಂದರೆ, ಮುಗಿಯದೆ ಅಲ್ಲಾಡಿಸುವುದು ಬೇಡ ಎನ್ನುತ್ತಾರೆ. ಯಾವಾಗ ಮುಗಿಯುತ್ತದೆ ಎಂದರೆ, ಎಮ್ಮೆ ಸಿಗಬೇಕಲ್ಲ ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಬಹಳ ಹೇಳಿದ ಮೇಲೆ ಒಪ್ಪಿ, ನನಗೆ ಕುರ್ಚಿ ಬಿಟ್ಟುಕೊಟ್ಟು ಬೆನ್ನ ಹಿಂದೆಯೇ ನಿಂತರು.

ನಾನು ಎಲ್ಲವನ್ನೂ ಸೆಲೆಕ್ಟ್ ಮಾಡಿದೆ. ಪುಟವಿಡೀ ನೀಲಿಯಾಯಿತು. ಮಾಸ್ಟ್ರು ನನ್ನ ಕುರ್ಚಿಯ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಯಿತು. ಪರದೆ ಒಮ್ಮೆ ಮಿಟುಕಿತು, ಇನ್ವರ್ಟರ್ ಕುಂಯ್ ಎಂದಿತು, ನೀಲಿ ಅಲ್ಲೇ ನಿಂತಿತು. ಕಾಪಿ ಮಾಡಿ, ಬೇರೆ ಫೈಲಿನಲ್ಲಿ ಹಾಕಿ, ಸೇವ್ ಮಾಡಿ, ಪೆನ್‌ಡ್ರೈವಿಗೂ ಹಾಕಿ, ಅವರದ್ದೇ ಇಮೇಲಿಗೂ ಕಳಿಸಿದೆ. ತೆರೆದು ಮೊದಲಿನಿಂದ ಕೊನೆಯವರೆಗೆ ತೋರಿಸಿದೆ. ಎಮ್ಮೆ ಒಂದು ಅಕ್ಷರವೂ ಕಡಿಮೆಯಾಗದೆ ಕಳೆದೇ ಹೋಗಿತ್ತು. ಮಾಸ್ಟ್ರು ಕಣ್ಣೊರೆಸಿಕೊಂಡರು.

ಇನ್ನು ಬ್ರೌಸರ್ ಮುಚ್ಚುವುದೊಂದೇ ಬಾಕಿ. ಮೌಸ್ ಮೇಲೆ ಕೈ ಇಟ್ಟೆ.

“ಒಂದು ನಿಮಿಷ,” ಎಂದರು ಮಾಸ್ಟ್ರು. “ಆ ಕಳ್ಳ ಒಳಗೆ ಬಂದು ಎಂತ ಮಾಡ್ತಾನೆ?”

ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ನೋಡುತ್ತಾನೆ ಎಂದೆ.

“ಬರೆದದ್ದನ್ನೂ?”

ಬರೆದದ್ದನ್ನೂ ಓದುತ್ತಾನೆ ಎಂದೆ.

ಮಾಸ್ಟ್ರು ನನ್ನ ಹತ್ತಿರ ಬಗ್ಗಿದರು. “ಮೊದಲಿಂದ ಓದ್ತಾನಾ?”

ಓದಿದರೆ ಓದಬಹುದು ಎಂದೆ.

“ಹಾಗಾದರೆ ಅದು ಹಾಗೇ ಇರಲಿ ಬಿಡಿ,” ಎಂದರು. “ಇಷ್ಟು ವರ್ಷ ಆಯ್ತು, ಇದನ್ನು ಯಾರೂ ಓದ್ಲಿಲ್ಲ.”

ತಮಾಷೆಗೆ ಹೇಳಿದ್ದಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಮಗನಿಗೆ ಪಿಕಪ್ ಗಾಡಿಯ ಬಾಡಿಗೆಯ ಗಡಿಬಿಡಿ. ಹಳೆಯ ಸಹೋದ್ಯೋಗಿಗಳು ಪುಸ್ತಕವಾಗಲಿ, ಆಮೇಲೆ ಓದುತ್ತೇವೆ ಎಂದವರು. ಹೆಂಡತಿಯನ್ನು ಕೇಳಿದಾಗ, ಆ ಎಮ್ಮೆಯನ್ನು ಮಾರಿದವಳೇ ನಾನು, ಅದು ಎಲ್ಲಿ ಉಂಟು ಎಂದು ನನಗೆ ಗೊತ್ತು, ಓದುವುದು ಎಂತಕ್ಕೆ ಎಂದಿದ್ದರಂತೆ. ದಿನಾ ಬೆಳಿಗ್ಗೆ ಎದ್ದು ಯಾರೂ ಓದದ್ದನ್ನು ಬರೆಯುವುದು ಎಷ್ಟು ಕಷ್ಟ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಆದರೆ ತೂತು ತೂತೇ. ಅವರ ಪಿಂಚಣಿಯ ಬ್ಯಾಂಕೂ ಅದೇ ಕಂಪ್ಯೂಟರಿನಲ್ಲಿ ಇದೆ.

“ಮಾಸ್ಟ್ರೇ,” ಎಂದೆ, “ಆ ಕಳ್ಳ ಎಲ್ಲಿಯವನೋ ಏನೋ. ಅವನಿಗೆ ಅರೆಭಾಷೆ ಬರುವುದಿಲ್ಲ.”

ಮಾಸ್ಟ್ರು ತಾವೇ ಕೈಯಾರೆ ಬಿಂದಿ ಕಿತ್ತರು. “ಮುಚ್ಚಿ,” ಎಂದರು.

ಮುಚ್ಚಿ ತೆರೆದೆ. ಅಪ್‌ಡೇಟ್ ಆಯಿತು, ಕೆಂಪು ಹೋಯಿತು, ಆ ಚೌಕ ಖಾಲಿಯಾಗಿ ಕುಳಿತಿತ್ತು. ನನ್ನ ಕೆಲಸ ಮುಗಿದಿತ್ತು. ಆದರೆ ಎದ್ದು ಬರಲು ಮನಸ್ಸಾಗಲಿಲ್ಲ. ಮಾಸ್ಟ್ರ ಹೆಂಡತಿ ಕೆಸುವಿನೆಲೆಯ ಪತ್ರೊಡೆ ತಂದಿಟ್ಟಿದ್ದರು. ಅದನ್ನು ತಿನ್ನುತ್ತ ಫೈಲನ್ನು ಮೊದಲ ಪುಟದಿಂದ ಓದತೊಡಗಿದೆ. ಎಮ್ಮೆ ಹುಡುಕುವವನು ಮನೆಯಿಂದ ಮನೆಗೆ ಹೋಗುತ್ತಾನೆ. ಹೋದಲ್ಲೆಲ್ಲ ಊಟಕ್ಕೆ ಕೂರಿಸುತ್ತಾರೆ. ಒಂದು ಮನೆಯಲ್ಲಿ ಊಟದ ಕೊನೆಗೆ ಮಜ್ಜಿಗೆ ಬಡಿಸಿದಾಗ, ಒಂದು ಗುಟುಕಿಗೇ ಅವನಿಗೆ ತಿಳಿಯುತ್ತದೆ, ಇದು ತನ್ನದೇ ಎಮ್ಮೆಯ ಮಜ್ಜಿಗೆ. ಆದರೆ ಉಂಡ ಮನೆಯವರನ್ನು ಕೇಳುವುದು ಹೇಗೆ? ಕೇಳಲಾರದೆ ಇನ್ನೊಂದು ಲೋಟ ಹಾಕಿಸಿಕೊಳ್ಳುತ್ತಾನೆ.

ನನಗೆ ನಗು ತಡೆಯಲಿಲ್ಲ, ಪತ್ರೊಡೆ ನೆತ್ತಿಗೆ ಹತ್ತಿತು. ಮಾಸ್ಟ್ರು ನೀರು ಕೊಡುವುದು ಬಿಟ್ಟು, ಎಲ್ಲಿ ನಗಾಡಿದ್ದು, ಯಾವ ಸಾಲಿನಲ್ಲಿ ಎಂದು ಪರದೆಗೆ ಬಗ್ಗಿದರು. ಗದ್ದಲ ಕೇಳಿ ಅವರ ಹೆಂಡತಿ ಒಳಗಿನಿಂದ ಬಂದರು. ನಾನು ಆ ಭಾಗವನ್ನು ಅವರಿಗೆ ಜೋರಾಗಿ ಓದಿ ಹೇಳಿದೆ. ನನ್ನ ಅರೆಭಾಷೆ ಕೇಳಿ ಅವರಿಗೆ ಮೊದಲು ನಗು ಬಂತು, ಆಮೇಲೆ ಮಜ್ಜಿಗೆ ಬಂದಾಗ ಮುಖ ಗಂಭೀರವಾಯಿತು. ಆ ಮನೆ ನನ್ನ ತವರುಮನೆ ಅಲ್ಲವೇ, ಆ ಜಗಲಿ ನಮ್ಮದಲ್ಲವೇ ಎಂದು ಗಂಡನನ್ನು ಕೇಳಿದರು. ಮಾಸ್ಟ್ರು ಬಾಗಿಲ ಕಡೆ ಸರಿದರು. ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕುಳಿತರು. ಮುಂದೆ ಏನೇನು ಬರೆದಿದ್ದೀರಿ ನೋಡುತ್ತೇನೆ ಎಂದರು. ಅವರು ಓದುತ್ತಾ ಹೋದರು, ಬೈಯುತ್ತಾ ಹೋದರು, ನಡುನಡುವೆ ನಗುತ್ತಲೂ ಇದ್ದರು. ಮಾಸ್ಟ್ರು ಬಾಗಿಲ ಪಕ್ಕ ನಿಂತು ಪ್ರತಿಯೊಂದು ಬೈಗಳನ್ನೂ ತಲೆ ಆಡಿಸಿ ಕೇಳುತ್ತಿದ್ದರು. ಅಷ್ಟು ಸುಖದಲ್ಲಿ ಒಬ್ಬ ಗಂಡಸು ಬೈಸಿಕೊಂಡದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ.

ಹೊರಟೆ. ಮಳೆ ಹನಿಯುತ್ತಿತ್ತು. ಮಾಸ್ಟ್ರು ಕೊಡೆ ಹಿಡಿದು ಸ್ಕೂಟರಿನವರೆಗೆ ಬಂದರು. ಒಬ್ಬಳು ಓದಿದ ರುಚಿ ಹತ್ತಿತ್ತು ಎಂದು ಕಾಣುತ್ತದೆ. ಒಳಗಿನವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು.

“ಅಕ್ಕ, ಇದನ್ನು ಯಾರ ಕೈಯಲ್ಲಾದ್ರೂ ಇಂಗ್ಲಿಷಿಗೆ ಮಾಡಿಸಿದ್ರೆ, ಆ ತೂತು ಇನ್ನೊಮ್ಮೆ ತೆಗೀಲಿಕ್ಕೆ ಆಗ್ತದಾ?”